ಬಲ್ಮಠದ ಖಾಕಿ, ಯಾರ ಅಳತೆಗೆ?

ಹಂಪನಕಟ್ಟೆಯಿಂದ ಕಂಕನಾಡಿಗೆ ಹೋಗುವ ಸಿಟಿ ಬಸ್ಸು ಜ್ಯೋತಿ ದಾಟಿ ಏರು ಹತ್ತುವಾಗ ಬಲ್ಮಠ ಬರುತ್ತದೆ. ಕರ್ನಾಟಕ ಥಿಯಲಾಜಿಕಲ್ ಕಾಲೇಜು ಇರುವ ಈ ಗುಡ್ಡ ಒಂದು ಕಾಲಕ್ಕೆ ಕ್ರೈಸ್ತ ಧರ್ಮಪ್ರಚಾರಕರ ಬಾಸೆಲ್ ಮಿಶನ್‌ನ ಊರೊಳಗಿನ ಊರಾಗಿತ್ತು. ಪಾಠಶಾಲೆ, ಅಚ್ಚುಕೂಟ, ನೇಯ್ಗೆಯ ಕಾರ್ಖಾನೆ ಎಲ್ಲವೂ ಅಲ್ಲಿ ಬೆಳೆದವು. 1851ರಲ್ಲಿ ಯೂರೋಪಿನಿಂದ ಬಂದಿಳಿದ ಹಾಲರ್ ಎಂಬ ನೇಕಾರ ಇಲ್ಲಿ 21 ಕೈಮಗ್ಗಗಳನ್ನು ಹೂಡಿ, ಪಕ್ಕದಲ್ಲೇ ಬಣ್ಣ ಹಾಕುವ ಮನೆಯೊಂದನ್ನು ಕಟ್ಟಿಸಿದ. ಆ ಬಣ್ಣದ ಮನೆಯ ಹಂಡೆಯಿಂದ ಒಂದು ದಿನ ಮಣ್ಣಿನ ಬಣ್ಣದ ಬಟ್ಟೆ ಮೇಲೆ ಬಂತು. ಕೆಂಪೂ ಅಲ್ಲದ, ಹಳದಿಯೂ ಅಲ್ಲದ, ಬೇಸಿಗೆಯ ಗುಡ್ಡದ ಹಾದಿಯಂಥ ಬಣ್ಣ. ಒಗೆದರೂ ಬಿಡುತ್ತಿರಲಿಲ್ಲ. ಗೇರಿನ ಜಾತಿಯ ಮರದ ರಸದಿಂದ ಅದನ್ನು ತೆಗೆದರು ಎಂಬ ಮಾತು ಊರಿನಲ್ಲಿ ಇಂದಿಗೂ ಇದೆ.

ಮಂಗಳೂರಿನವರು ಖಾಕಿ ನಮ್ಮಲ್ಲಿ ಹುಟ್ಟಿದ್ದು ಎಂದು ಹೇಳುವುದು ಈ ಹಂಡೆಯನ್ನು ನೆನೆದು. ಹೇಳುವುದರಲ್ಲಿ ಹೆಮ್ಮೆ ಇದೆ, ಇರಬೇಕಾದದ್ದೇ. ಆದರೆ ಈ ಬಟ್ಟೆಯನ್ನು ಹೊಲಿಸಿಕೊಳ್ಳಲು ಯಾರಿಗೆ ಅವಕಾಶ ಸಿಕ್ಕಿತು, ಯಾರನ್ನು ಬಾಗಿಲಲ್ಲೇ ತಡೆಯಲಾಯಿತು ಎಂಬ ಕಥೆಯನ್ನು ಅದೇ ಹೆಮ್ಮೆಯಿಂದ ಹೇಳುವಂತಿಲ್ಲ. ಆ ಕಥೆಗೂ ಮಂಗಳೂರಿಗೂ ಬಿಡಿಸಲಾಗದ ನಂಟಿದೆ.

ಮಿಶನ್‌ನವರು ನೇಯ್ಗೆಗೆ ಇಳಿದದ್ದು ಲಾಭದ ಆಸೆಯಿಂದಲ್ಲ. 1834ರ ಅಕ್ಟೋಬರಿನಲ್ಲಿ ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರು ಮಿಶನರಿಗಳು ಮಂಗಳೂರಿಗೆ ಬಂದ ಮೇಲೆ ಕ್ರೈಸ್ತರಾದವರಿಗೆ ಮೊದಲು ಎದುರಾದ ಕಷ್ಟ ಹೊಟ್ಟೆಯದು. ಜಾತಿ ಬಿಟ್ಟವರಿಗೆ ಕುಲಕಸುಬು ಹೋಗುತ್ತಿತ್ತು, ಕುಟುಂಬದ ಆಸ್ತಿಯ ಪಾಲು ಕೈತಪ್ಪುತ್ತಿತ್ತು, ಎಷ್ಟೋ ಸಲ ಇರುವ ಮನೆಯೂ ಇಲ್ಲವಾಗುತ್ತಿತ್ತು. ಅವರಿಗೆ ಕೂಲಿ ಕೊಡಲು ಮಗ್ಗ ಬಂತು. 1865ರಲ್ಲಿ ಅದೇ ಮಿಶನ್ನಿನ ಪ್ಲೆಬ್ಸ್ಟ್ ನೇತ್ರಾವತಿಯ ದಡದಲ್ಲಿ ಹಂಚಿನ ಕಾರ್ಖಾನೆ ತೆರೆದಾಗಲೂ ಕಾರಣ ಅದೇ. ಊರಿನಿಂದ ಹೊರಹಾಕಿಸಿಕೊಂಡವರು ಕೆಲಸ ಮಾಡುತ್ತಿದ್ದ ಕಾರ್ಖಾನೆಯ ಬಟ್ಟೆ ಮುಂದೆ ಪೊಲೀಸರ, ಸೈನಿಕರ ಮೈಮೇಲೆ ಅಧಿಕಾರದ ಗುರುತಾಗಿ ನಿಂತಿತು.

ಹಾಲರನ ಬಟ್ಟೆಯನ್ನು ಕೆನರಾ ಜಿಲ್ಲೆಯ ಪೊಲೀಸರು ಸಮವಸ್ತ್ರವಾಗಿ ಒಪ್ಪಿಕೊಂಡರು ಎಂದು ಮಿಶನ್‌ನ ಇತಿಹಾಸ ಬರೆದವರು ಹೇಳುತ್ತಾರೆ. ಸೇನಾಧಿಕಾರಿ ಲಾರ್ಡ್ ರಾಬರ್ಟ್ಸ್ ಬಲ್ಮಠದ ಕಾರ್ಖಾನೆ ನೋಡಲು ಬಂದಿದ್ದ, ಬಟ್ಟೆ ಮೆಚ್ಚಿ ಸೈನಿಕರಿಗೂ ಇದೇ ಇರಲಿ ಎಂದು ಶಿಫಾರಸು ಮಾಡಿದ ಎಂಬುದೂ ಅದೇ ಪರಂಪರೆಯ ಮಾತು. ರಾಬರ್ಟ್ಸ್ 1881ರಿಂದ 1885ರವರೆಗೆ ಮದ್ರಾಸ್ ಸೇನೆಗೆ, ಆಮೇಲೆ 1893ರವರೆಗೆ ಇಡೀ ಭಾರತದ ಸೇನೆಗೆ ಮುಖ್ಯಸ್ಥನಾಗಿದ್ದವನು. ಇನ್ನೊಂದು ಕಡೆ, ಪೇಶಾವರದ ಗೈಡ್ಸ್ ದಳಕ್ಕೆ ಹ್ಯಾರಿ ಲಮ್ಸ್‌ಡೆನ್ 1840ರ ದಶಕದಲ್ಲೇ ಮಣ್ಣುಬಣ್ಣದ ಉಡುಪು ಕೊಟ್ಟಿದ್ದ. ಧೂಳು ಎಂಬ ಅರ್ಥದ ಪಾರ್ಸಿ ಮಾತು ‘ಖಾಕ್’ನಿಂದ ಹೆಸರು ಬಂದದ್ದು ಆ ಸೀಮೆಯಲ್ಲಿ. 1857ರಲ್ಲಿ ಉತ್ತರ ಭಾರತದ ಬ್ರಿಟಿಷ್ ಸಿಪಾಯಿಗಳು ತಮ್ಮ ಬಿಳಿ ಉಡುಪನ್ನು ಚಹಾ, ಕಾಫಿ, ಮಸಿ, ಕೆಸರು, ಸಿಕ್ಕಿದ್ದರಲ್ಲೆಲ್ಲ ಅದ್ದಿ ಮಣ್ಣಾಗಿಸಿಕೊಂಡರು. ಒಂದೇ ದಳದಲ್ಲಿ ಹತ್ತು ಬಗೆಯ ಬಣ್ಣ. 1884ರಲ್ಲಿ ಇಂಗ್ಲೆಂಡಿನಲ್ಲಿ ಗಟ್ಟಿಬಣ್ಣದ ಖಾಕಿಗೆ ಪೇಟೆಂಟು ಸಿಕ್ಕ ಮೇಲೆ ರಾಸಾಯನಿಕ ಬಣ್ಣವೇ ಎಲ್ಲ ಕಡೆ ಹಬ್ಬಿತು.

ಹಾಗಾಗಿ ಖಾಕಿಗೆ ಒಂದೇ ತವರುಮನೆ ಎನ್ನಲಾಗದು. ಆದರೂ ಮಂಗಳೂರಿನ ಪಾಲು ಸಣ್ಣದಲ್ಲ. ಬಣ್ಣ ಬಿಡದ ಬಟ್ಟೆಯನ್ನು ಮಗ್ಗದ ಮೇಲೆ ನೇಯ್ದು, ಜಿಲ್ಲೆಯ ಪೊಲೀಸರಿಗೆಲ್ಲ ಸಾಲುವಷ್ಟು ಕೊಟ್ಟ ಊರು ಇದು. ಈ ಚರಿತ್ರೆಯಲ್ಲಿ ಕಣ್ಣಿಗೆ ಬೀಳುವ ಇನ್ನೊಂದು ಸಂಗತಿ, ಸಮವಸ್ತ್ರ ಎಷ್ಟು ಬೇಗ ಬದಲಾಯಿತು ಎಂಬುದು. ಕೆಂಪು ಕೋಟಿಗೆ ಗುಂಡು ಬೀಳುತ್ತದೆ ಎಂದು ಗೊತ್ತಾದ ಕೂಡಲೇ ನೂರಾರು ವರ್ಷದ ಸೇನಾ ಪರಂಪರೆ ಕೆಂಪನ್ನು ಬಿಟ್ಟು ಧೂಳನ್ನು ಉಟ್ಟಿತು. 1902ರ ಹೊತ್ತಿಗೆ ಲಂಡನ್ನಿನ ಸಿಪಾಯಿಗೂ ಖಾಕಿಯೇ ಕೆಲಸದ ಉಡುಪಾಯಿತು. ಶಿಸ್ತು ಕೆಡುತ್ತದೆ ಎಂಬ ಆಕ್ಷೇಪ ಹೆಚ್ಚು ಕಾಲ ನಿಲ್ಲಲಿಲ್ಲ. ಬಟ್ಟೆಯ ವಿಷಯದಲ್ಲಿ ಸೇನೆ ತೋರಿದ ಈ ಜಾಣತನ, ಅದನ್ನು ಉಡುವ ಮನುಷ್ಯರ ವಿಷಯದಲ್ಲಿ ಬಹಳ ತಡವಾಗಿ ಬಂತು.

ಹೆಂಗಸು ದಂಡು ನಡೆಸುವುದು ಈ ಸೀಮೆಗೆ ಹೊಸತೇನೂ ಅಲ್ಲ. ಬಲ್ಮಠದಿಂದ ನೇತ್ರಾವತಿ ಸೇತುವೆ ದಾಟಿದರೆ ಉಳ್ಳಾಲ. ಖಾಕಿ ಹುಟ್ಟುವುದಕ್ಕೆ ಮುನ್ನೂರು ವರ್ಷ ಮೊದಲು ಪೋರ್ಚುಗೀಸರು ಅಲ್ಲಿ ಕಪ್ಪ ಕೇಳಿ ಕೈಸುಟ್ಟುಕೊಂಡಿದ್ದರು. ಮೂಡುಬಿದಿರೆಯ ಚೌಟ ಮನೆತನದ ರಾಣಿ ಅಬ್ಬಕ್ಕ 1555ರಿಂದಾಚೆಗೆ ಅವರೊಡನೆ ಸೆಣಸಿದಳು. ಆ ಹೆಸರಿನವಳು ಒಬ್ಬಳೋ, ಇಬ್ಬರೋ ಎಂದು ಇತಿಹಾಸಕಾರರು ಇನ್ನೂ ವಾದಿಸುತ್ತಾರೆ. ಅವಳು ಪಟ್ಟಕ್ಕೆ ಬಂದದ್ದು ಗಂಡು ಸಂತಾನ ಇಲ್ಲದ ಇಕ್ಕಟ್ಟಿನಿಂದಲ್ಲ. ಚೌಟರದು ಅಳಿಯಸಂತಾನ, ಹೆಣ್ಣಿನ ಕಡೆಯಿಂದ ಹಕ್ಕು ಹರಿಯುವ ಕಟ್ಟು. ತುಳುನಾಡಿನಲ್ಲಿ ಹೆಂಗಸು ದಂಡಿಗೆ ಆಜ್ಞೆ ಕೊಟ್ಟಾಗ ಅದು ಕಾನೂನಿನ ಪ್ರಕಾರವೇ ನಡೆದ ಸಂಗತಿಯಾಗಿತ್ತು.

1623ರಲ್ಲಿ ಪಿಯೆತ್ರೋ ದೆಲ್ಲ ವಲ್ಲೆ ಎಂಬ ಇಟಲಿಯ ಪ್ರವಾಸಿ ಉಳ್ಳಾಲದ ರಾಣಿಯನ್ನು ನೋಡಲು ಮಣೇಲಿಗೆ ಹೋದ. ಅರಮನೆಯಲ್ಲಿ ಕಾಣಬೇಕೆಂದಿದ್ದವನಿಗೆ ಅವಳು ಸಿಕ್ಕಿದ್ದು ದಾರಿಯಲ್ಲಿ. ಗದ್ದೆಗೆ ನೀರು ಹಾಯಿಸಲು ತೋಡು ಅಗೆಸುತ್ತಿದ್ದಳು, ಕೆಲಸ ನೋಡಲು ತಾನೇ ನಡೆದು ಬಂದಿದ್ದಳು. ಬರಿಗಾಲು. ಸೊಂಟಕ್ಕೆ ದಪ್ಪ ನೂಲಿನ ಬಿಳಿ ಬಟ್ಟೆ, ಬಿಸಿಲಿಗೆ ತಲೆಯ ಮೇಲೊಂದು ತೆಳು ಬಟ್ಟೆ, ಅಷ್ಟೇ. ನೋಡಿದರೆ ಅಡುಗೆಯವಳೋ ಅಗಸಗಿತ್ತಿಯೋ ಎನ್ನಬೇಕು, ಬಾಯಿ ಬಿಟ್ಟರೆ ರಾಣಿ ಎಂದು ತಿಳಿಯುತ್ತದೆ ಎಂಬ ಅರ್ಥದಲ್ಲಿ ಅವನು ಬರೆದಿಟ್ಟ. ದಂಡಿನ ಒಡತಿಗೆ ಯಾವ ಸಮವಸ್ತ್ರವೂ ಬೇಕಿರಲಿಲ್ಲ. ಅವಳ ಆಜ್ಞೆಗೆ ಕೂಲಿಯವರೂ ಕಾವಲಿನವರೂ ಓಗೊಡುತ್ತಿದ್ದರು.

ತುಳುನಾಡು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿತ್ತು. ಜುಮಾದಿ ಈ ನೆಲದ ದೊಡ್ಡ ದೈವಗಳಲ್ಲಿ ಒಂದು. ಗಂಡಿನಿಂದಲೂ ಹೆಣ್ಣಿನಿಂದಲೂ ಸಾವಿಲ್ಲ ಎಂದು ವರ ಪಡೆದ ಅಸುರನನ್ನು ಕೊಲ್ಲಲು ಎರಡೂ ಆಗಿ ಬಂದ ಶಕ್ತಿ ಅದು ಎಂದು ಕಥೆ ಹೇಳುತ್ತದೆ. ಹಳೆಯ ಉರುಗಳಲ್ಲಿ, ಎಂದರೆ ಮೂರ್ತಿಗಳಲ್ಲಿ, ಜುಮಾದಿಗೆ ಹುರಿ ಮಾಡಿದ ಮೀಸೆಯೂ ಇದೆ, ಸ್ತನವೂ ಇದೆ, ಕೈಯಲ್ಲಿ ಆಯುಧವೂ ಇದೆ. ಕೋಲದ ರಾತ್ರಿ ಊರ ಗುತ್ತಿನ ಯಜಮಾನನೂ ಆ ರೂಪದ ಮುಂದೆ ಕೈಕಟ್ಟಿ ನಿಂತು ನುಡಿ ಕೇಳುತ್ತಾನೆ. ಗಂಡೋ ಹೆಣ್ಣೋ ಎಂಬ ಪ್ರಶ್ನೆಗೆ ಎರಡೂ ಎಂದು ಉತ್ತರ ಕೊಡುವ ಯೋಧನನ್ನು ಇಲ್ಲಿನ ಜನ ಶತಮಾನಗಳಿಂದ ಪೂಜಿಸಿದ್ದಾರೆ. ಇದೇ ಊರಿನ ಬಸ್‌ಸ್ಟ್ಯಾಂಡಿನಲ್ಲಿ ಕೈಚಾಚುವ ಮಂಗಳಮುಖಿಯರಿಗೆ ಆ ಗೌರವದ ಒಂದು ಪಾಲೂ ಬಂದಿಲ್ಲ ಎಂಬುದನ್ನೂ ಜೊತೆಗೇ ಹೇಳಬೇಕು.

ಬ್ರಿಟಿಷರ ಕಾಯಿದೆ ಈ ವಿಷಯದಲ್ಲಿ ಇನ್ನಷ್ಟು ಒರಟಾಗಿತ್ತು. 1871ರ ಕ್ರಿಮಿನಲ್ ಟ್ರೈಬ್ಸ್ ಕಾಯಿದೆಯ ಎರಡನೇ ಭಾಗ ಹಿಜ್ರಾಗಳ ಹೆಸರನ್ನು ಪೊಲೀಸರು ಪಟ್ಟಿ ಮಾಡಿಟ್ಟುಕೊಳ್ಳಬೇಕು ಎಂದಿತು. ಪಟ್ಟಿಯಲ್ಲಿದ್ದವರು ಹೆಣ್ಣಿನ ಉಡುಪಿನಲ್ಲಿ ಬೀದಿಯಲ್ಲಿ ಕಂಡರೆ ವಾರಂಟ್ ಇಲ್ಲದೆ ಹಿಡಿಯಬಹುದಾಗಿತ್ತು, ಎರಡು ವರ್ಷದವರೆಗೆ ಜೈಲಿಗೆ ಹಾಕಬಹುದಾಗಿತ್ತು. ಮೊದಲಿಗೆ ಅದು ಉತ್ತರದ ಪ್ರಾಂತ್ಯಗಳಿಗೆ ಬಂತು. ಮದ್ರಾಸ್ ಪ್ರಾಂತ್ಯದ ಭಾಗವಾಗಿದ್ದ ದಕ್ಷಿಣ ಕೆನರಾಕ್ಕೆ ಆ ಬಿಸಿ ಹಾಗೆ ತಟ್ಟಲಿಲ್ಲ. ಆದರೆ ಯಾರು ಯಾವ ಬಟ್ಟೆ ಉಡಬೇಕು ಎಂದು ಖಾಕಿ ತೊಟ್ಟವನು ಹೇಳುವ ಅಧಿಕಾರ ಈ ದೇಶದ ಕಾನೂನಿಗೆ ಬಂದದ್ದು ಹೀಗೆ. ಅದರ ನೆರಳು ಎಷ್ಟು ಉದ್ದಕ್ಕೆ ಚಾಚಿತು ಎಂಬುದು ಕರ್ನಾಟಕದಲ್ಲೇ ಮುಂದೆ ಕಂಡಿತು.

ಹೆಣ್ಣಿಗೆ ಸೇನೆಯ ಬಾಗಿಲು ಮೊದಲು ತೆರೆದದ್ದು ಆಸ್ಪತ್ರೆಯ ಕಡೆಯಿಂದ. 1888ರಲ್ಲಿ ಹತ್ತು ಮಂದಿ ಬ್ರಿಟಿಷ್ ದಾದಿಯರು ಮುಂಬಯಿಯಲ್ಲಿ ಹಡಗಿನಿಂದಿಳಿದರು, ಭಾರತದ ಸೇನಾ ಶುಶ್ರೂಷೆಯ ಕಥೆ ಅಲ್ಲಿಂದ ಶುರುವಾಯಿತು. ಎರಡನೇ ಮಹಾಯುದ್ಧದಲ್ಲಿ ಗಂಡಸರು ಸಾಲದೆ ಹೋದಾಗ 1942ರಲ್ಲಿ ಮಹಿಳಾ ಸಹಾಯಕ ದಳ ಕಟ್ಟಿದರು. ಟೆಲಿಫೋನು, ಟೈಪು, ಲೆಕ್ಕಪತ್ರ, ವಾಹನ, ಹೀಗೆ ಕಚೇರಿಯ ಕೆಲಸಗಳು. ಅವರಿಗೇನು ತೊಡಿಸಬೇಕು ಎಂಬ ಪ್ರಶ್ನೆಗೆ ಸಿಕ್ಕ ಉತ್ತರ ಖಾಕಿ ಸೀರೆ. ಆ ಕಾಲದ ಫೋಟೋಗಳಲ್ಲಿ ಅವರು ಕವಾಯತಿನ ಸಾಲಿನಲ್ಲಿ ನಿಂತಿದ್ದಾರೆ. ಇಸ್ತ್ರಿಯ ಖಾಕಿ ರವಿಕೆ, ಭುಜದ ಮೇಲೆ ಪಟ್ಟಿ, ಸೆರಗು ಹಾರದಂತೆ ಬಿಗಿದು ಕಟ್ಟಿದ ಖಾಕಿ ಸೀರೆ. ನೌಕಾದಳದ ಹೆಂಗಸರಿಗೆ ನೀಲಿ ಅಂಚಿನ ಬಿಳಿ ಸೀರೆ.

ಅದೇ ಹೊತ್ತಿಗೆ ಸಿಂಗಾಪುರದಲ್ಲಿ ಸುಭಾಷ್‌ಚಂದ್ರ ಬೋಸ್ ಬೇರೆ ಉತ್ತರ ಕೊಟ್ಟರು. 1943ರ ಅಕ್ಟೋಬರ್ 22ರಂದು ಶಿಬಿರ ತೆರೆದ ಝಾನ್ಸಿ ರಾಣಿ ದಳದ ಹುಡುಗಿಯರಿಗೆ ಸಿಕ್ಕಿದ್ದು ಖಾಕಿ ಷರಾಯಿ, ಶರ್ಟು, ಟೊಪ್ಪಿ ಮತ್ತು ಬಂದೂಕು. ಮಲಯದ ರಬ್ಬರ್ ತೋಟಗಳಿಂದ ಬಂದ ತಮಿಳು ಕೂಲಿಗಳ ಹೆಣ್ಣುಮಕ್ಕಳೂ ಅವರಲ್ಲಿದ್ದರು. ದಳದ ಮುಂದಾಳು ಡಾಕ್ಟರ್ ಲಕ್ಷ್ಮಿ ಸ್ವಾಮಿನಾಥನ್. ಬೋಸರ ಕಡೆ ಕೆಲಸಕ್ಕೆ ತಕ್ಕ ಉಡುಪು, ಬ್ರಿಟಿಷರ ಕಡೆ ಉಡುಪಿಗೆ ತಕ್ಕಷ್ಟೇ ಕೆಲಸ. ಸ್ವತಂತ್ರ ಭಾರತದ ಸೇನೆ ಹಿಡಿದದ್ದು ಎರಡನೆಯ ದಾರಿ.

1950ರ ಸೇನಾ ಕಾಯಿದೆಯ 12ನೇ ಕಲಂ ಹೆಂಗಸರು ಸೇನೆಗೆ ಸೇರಲು ಅರ್ಹರಲ್ಲ ಎಂದೇ ಶುರುವಾಗುತ್ತದೆ. ಕೇಂದ್ರ ಸರ್ಕಾರ ಅಧಿಸೂಚನೆ ಹೊರಡಿಸಿದ ವಿಭಾಗಗಳಷ್ಟೇ ಅದಕ್ಕೆ ಹೊರತು. 1957ರ ನೌಕಾಪಡೆ ಕಾಯಿದೆಯಲ್ಲೂ ಅಂಥದ್ದೇ ಮಾತು. ವೈದ್ಯರು, ದಾದಿಯರು ಬಿಟ್ಟರೆ ಉಳಿದ ಹೆಂಗಸರಿಗೆ 42 ವರ್ಷ ಬಾಗಿಲು ಮುಚ್ಚಿತ್ತು. 1992ರ ಜನವರಿಯಲ್ಲಿ ಅಂಚೆ, ಕಾನೂನು, ಶಿಕ್ಷಣ, ಸರಬರಾಜು, ಶಸ್ತ್ರಾಗಾರದಂಥ ವಿಭಾಗಗಳಿಗೆ ಅಧಿಸೂಚನೆ ಬಂತು. ಚೆನ್ನೈಯ ಅಕಾಡೆಮಿಯಿಂದ ಮರುವರ್ಷದ ಮಾರ್ಚಿನಲ್ಲಿ 25 ಮಂದಿ ಹೆಂಗಸರು ಅಧಿಕಾರಿಗಳಾಗಿ ಹೊರಬಂದರು. ಐದು ವರ್ಷ ಎಂದು ಬಂದವರ ಸೇವೆಯನ್ನು ಕಂತು ಕಂತಾಗಿ ಹದಿನಾಲ್ಕು ವರ್ಷಕ್ಕೆ ಎಳೆದರು. ಕಾಯಂ ಮಾಡಲಿಲ್ಲ. ಪಿಂಚಣಿಗೆ ಬೇಕಾದ ಇಪ್ಪತ್ತು ವರ್ಷ ತುಂಬುವ ಮೊದಲೇ ಮನೆಗೆ ಕಳಿಸಿದರು.

ಆಮೇಲಿನ ಇತಿಹಾಸ ನಡೆದದ್ದು ಕವಾಯತು ಮೈದಾನಕ್ಕಿಂತ ಹೆಚ್ಚಾಗಿ ಕೋರ್ಟಿನಲ್ಲಿ. 2010ರ ಮಾರ್ಚಿನಲ್ಲಿ ದೆಹಲಿ ಹೈಕೋರ್ಟು ಹೆಂಗಸರಿಗೂ ಕಾಯಂ ಕಮಿಷನ್ ಕೊಡಿ ಎಂದಿತು. ಸರ್ಕಾರ ಮೇಲ್ಮನವಿ ಹಾಕಿ ಹತ್ತು ವರ್ಷ ಕಳೆಯಿತು. ಹಳ್ಳಿಗಾಡಿನಿಂದ ಬರುವ ಸಿಪಾಯಿಗಳು ಹೆಂಗಸಿನ ಆಜ್ಞೆ ಒಪ್ಪಲು ಮಾನಸಿಕವಾಗಿ ಸಿದ್ಧರಿಲ್ಲ ಎಂಬುದು ಸುಪ್ರೀಂ ಕೋರ್ಟಿನ ಮುಂದೆ ಸರ್ಕಾರ ಇಟ್ಟ ವಾದಗಳಲ್ಲೊಂದು. ತೋಡು ಅಗೆಸುತ್ತಿದ್ದ ಬರಿಗಾಲಿನ ರಾಣಿಯ ಮಾತು ಕೇಳಿದವರೂ ಹಳ್ಳಿಗಾಡಿನವರೇ. 2020ರ ಫೆಬ್ರವರಿ 17ರಂದು ನ್ಯಾಯಮೂರ್ತಿ ಡಿ.ವೈ. ಚಂದ್ರಚೂಡ್ ಮತ್ತು ನ್ಯಾಯಮೂರ್ತಿ ಅಜಯ್ ರಸ್ತೋಗಿ ಅವರ ಪೀಠ ಆ ವಾದವನ್ನು ತಳ್ಳಿಹಾಕಿತು. ಸರಿಯಾಗಿ ಒಂದು ತಿಂಗಳಿಗೆ, ಮಾರ್ಚ್ 17ರಂದು, ಲೆಫ್ಟಿನೆಂಟ್ ಕಮಾಂಡರ್ ಆ್ಯನಿ ನಾಗರಾಜ ಅವರ ಪ್ರಕರಣದಲ್ಲಿ ನೌಕಾಪಡೆಗೂ ಅದೇ ತೀರ್ಪು ಸಿಕ್ಕಿತು.

ಗೆದ್ದವರಿಗೆ ಮುಂದಿನ ಅಡ್ಡಿ ಅಳತೆಯ ರೂಪದಲ್ಲಿ ಎದುರಾಯಿತು. ಇಡೀ ಕಥೆಯಲ್ಲಿ ನಿಧಾನವಾಗಿ ಓದಬೇಕಾದ ಜಾಗ ಇದು. ಸೇನೆಯಲ್ಲಿ ‘ಶೇಪ್’ ಎಂಬ ವೈದ್ಯಕೀಯ ದರ್ಜೆ ಇದೆ. ಮನಸ್ಸು, ಕಿವಿ, ಕೈಕಾಲು, ದೇಹದ ಸ್ಥಿತಿ, ಕಣ್ಣು, ಈ ಐದನ್ನೂ ನೋಡಿ ಅಂಕಿ ಕೊಡುತ್ತಾರೆ. ‘ಶೇಪ್-1’ ಎಂದರೆ ಯಾವ ಊನವೂ ಇಲ್ಲ ಎಂದರ್ಥ. ಕಾಯಂ ಆಗಬೇಕಾದರೆ ಗಂಡಸರಂತೆ ನೀವೂ ಈ ದರ್ಜೆಯಲ್ಲಿರಬೇಕು ಎಂದರು. ಎಲ್ಲರಿಗೂ ಒಂದೇ ಅಳತೆ, ಇದಕ್ಕಿಂತ ನ್ಯಾಯ ಬೇಕೆ ಎಂದು ಮೇಲುನೋಟಕ್ಕೆ ಅನ್ನಿಸುತ್ತದೆ. ಆದರೆ ಗಂಡಸರನ್ನು ಆ ಪಟ್ಟಿಯಿಂದ ಅಳೆದದ್ದು ಅವರ ಸೇವೆಯ ಐದನೆಯ ಅಥವಾ ಹತ್ತನೆಯ ವರ್ಷದಲ್ಲಿ, ಮೈಯಲ್ಲಿ ಕಸುವಿದ್ದ ಕಾಲದಲ್ಲಿ. ಆಮೇಲೆ ಅವರ ಮಂಡಿ ಸವೆದರೂ, ರಕ್ತದೊತ್ತಡ ಏರಿದರೂ ಕಾಯಂ ಸ್ಥಾನ ಹೋಗುತ್ತಿರಲಿಲ್ಲ. ಹೆಂಗಸರಿಗೆ ಆ ವಯಸ್ಸಿನಲ್ಲಿ ಕೇಳುವ ಅವಕಾಶವನ್ನೇ ಕೊಡದೆ, ಕೋರ್ಟಿನಲ್ಲಿ ವರ್ಷಗಟ್ಟಲೆ ಕಾಯಿಸಿ, ನಲವತ್ತು ಐವತ್ತರ ಹರೆಯದಲ್ಲಿ, ಹೆತ್ತು ಸಾಕಿ ದಣಿದ ಮೈಗೆ ಅದೇ ಪಟ್ಟಿ ಹಿಡಿದರು. 2021ರ ಮಾರ್ಚ್ 25ರಂದು ಸುಪ್ರೀಂ ಕೋರ್ಟು ಇದನ್ನು ತಾರತಮ್ಯ ಎಂದೇ ಕರೆಯಿತು. ಅಳತೆಪಟ್ಟಿ ಒಂದೇ ಇದ್ದರೂ ಅದನ್ನು ಹಿಡಿಯುವ ಹೊತ್ತಿನಲ್ಲಿ ಅನ್ಯಾಯ ಅಡಗಿರಬಹುದು ಎಂದು ದೇಶದ ಕಾನೂನು ಒಪ್ಪಿದ ದಿನ ಅದು.

ಕರ್ನಾಟಕ ಈ ಬದಲಾವಣೆಯ ಹೊರಗೆ ನಿಂತಿರಲಿಲ್ಲ. ಚಿಕ್ಕಮಗಳೂರಿನ ಮೇಘನಾ ಶಾನುಭೋಗ್ 2018ರ ಜೂನಿನಲ್ಲಿ ವಾಯುಪಡೆಯ ಯುದ್ಧವಿಮಾನ ವಿಭಾಗಕ್ಕೆ ಆಯ್ಕೆಯಾದರು, ದಕ್ಷಿಣ ಭಾರತದಿಂದ ಆ ಸ್ಥಾನಕ್ಕೆ ಹೋದ ಮೊದಲ ಹೆಣ್ಣುಮಗಳು. ಬೆಂಗಳೂರಿನ ಮಿಲಿಟರಿ ಪೊಲೀಸ್ ಕೇಂದ್ರದಲ್ಲಿ 61 ವಾರ ತರಬೇತಿ ಪಡೆದ 83 ಮಂದಿ ಹೆಂಗಸರು 2021ರ ಮೇ 8ರಂದು ಪರೇಡ್ ಮಾಡಿ ಹೊರಬಂದರು. ಅವರು ಅಧಿಕಾರಿಗಳಾಗಿ ಬಂದವರಲ್ಲ, ಸಿಪಾಯಿಗಳಾಗಿ ಸೇರಿದವರು. ಸಾಮಾನ್ಯ ಮನೆಯ ಹುಡುಗಿಯರಿಗೆ ಸೇನೆಯ ಕೆಳಗಿನ ಮೆಟ್ಟಿಲು ತೆರೆದದ್ದು ಅಂದು, ನಮ್ಮ ರಾಜಧಾನಿಯ ಮೈದಾನದಲ್ಲಿ.

ರಾಜ್ಯದ ಪೊಲೀಸರ ಖಾಕಿಯಲ್ಲಿ ಬಂದ ಒಂದು ಬದಲಾವಣೆಯನ್ನು ಹೆಚ್ಚು ಜನ ಗಮನಿಸಲಿಲ್ಲ. ಯುದ್ಧಕಾಲದ ಖಾಕಿ ಸೀರೆ ಇಲ್ಲಿನ ಠಾಣೆಗಳಲ್ಲಿ ದಶಕಗಟ್ಟಲೆ ಉಳಿದಿತ್ತು. ಬಂದೋಬಸ್ತಿಗೆ ಹೊರಟ ಮಹಿಳಾ ಪೇದೆ ಬೆಳಗಿನ ಜಾವ ಎದ್ದು ನೆರಿಗೆಗೆ ಪಿನ್ನು, ಸೆರಗಿಗೆ ಪಿನ್ನು, ಸೊಂಟದಲ್ಲಿ ಬೆಲ್ಟು ಬಿಗಿದುಕೊಂಡು ಠಾಣೆಗೆ ಬರಬೇಕು. ಗಲಾಟೆಯಲ್ಲಿ ಓಡಬೇಕಾದಾಗ ಒಂದು ಕೈ ಲಾಠಿಗೆ, ಇನ್ನೊಂದು ಕೈ ನೆರಿಗೆಗೆ. ಮಳೆಗಾಲದ ಮಂಗಳೂರಿನಲ್ಲಿ ಒದ್ದೆ ಸೀರೆಯಲ್ಲಿ ದಿನವಿಡೀ ನಿಂತವರ ಪಾಡು ಏನೆಂದು ಬಿಡಿಸಿ ಹೇಳಬೇಕಾಗಿಲ್ಲ. 2018ರ ಅಕ್ಟೋಬರಿನಲ್ಲಿ, ನೀಲಮಣಿ ಎನ್. ರಾಜು ಪೊಲೀಸ್ ಮಹಾನಿರ್ದೇಶಕರಾಗಿದ್ದಾಗ, ಕರ್ತವ್ಯದಲ್ಲಿರುವ ಮಹಿಳಾ ಸಿಬ್ಬಂದಿ ಸೀರೆಯ ಬದಲು ಖಾಕಿ ಪ್ಯಾಂಟು ಶರ್ಟು ತೊಡಬೇಕು ಎಂದು ಸೂಚನೆ ಹೊರಟಿತು. ತುರುಬು, ಹೂವು, ಬಳೆ, ಬೊಟ್ಟಿನ ಬಗ್ಗೆಯೂ ಅದರಲ್ಲಿ ನಿಯಮಗಳಿದ್ದವು. ನೀಲಮಣಿ ರಾಜು ಆ ಹುದ್ದೆಗೇರಿದ ರಾಜ್ಯದ ಮೊದಲ ಮಹಿಳೆ. ಓಡುವ ಕಷ್ಟ ಗೊತ್ತಿದ್ದವರು ಆ ಕುರ್ಚಿಗೆ ಬರುವವರೆಗೆ ಸೀರೆ ಹಾಗೇ ಇತ್ತು ಎಂಬುದನ್ನು ಮರೆಯಬಾರದು. ಅದೇ ವರ್ಷ ಮಂಗಳೂರು ನಗರ ಪೊಲೀಸರು ಮಹಿಳಾ ಸಿಬ್ಬಂದಿಯ ಗಸ್ತು ತಂಡಕ್ಕೆ ರಾಣಿ ಅಬ್ಬಕ್ಕ ಪಡೆ ಎಂದು ಹೆಸರಿಟ್ಟರು.

ಅಬ್ಬಕ್ಕನ ಹೆಸರು ಸಮುದ್ರದ ಮೇಲೂ ಇದೆ. ಕರಾವಳಿ ರಕ್ಷಣಾ ಪಡೆ 2012ರಲ್ಲಿ ಸೇವೆಗೆ ಇಳಿಸಿದ ಗಸ್ತು ಹಡಗಿನ ಹೆಸರು ‘ರಾಣಿ ಅಬ್ಬಕ್ಕ’. ಆ ಪಡೆಯ ಕರ್ನಾಟಕ ಕೇಂದ್ರ ಇರುವುದು ಪಣಂಬೂರಿನಲ್ಲಿ, ನವಮಂಗಳೂರು ಬಂದರಿನ ಮಗ್ಗುಲಲ್ಲಿ. ಹಡಗಿಗೆ ರಾಣಿಯ ಹೆಸರಿಟ್ಟ ಮೇಲೂ ಪಡೆಯ ಮಹಿಳಾ ಅಧಿಕಾರಿಗಳು ಕಾಯಂ ಆಗಲು ಕೋರ್ಟಿನ ಮೆಟ್ಟಿಲು ಹತ್ತಬೇಕಾಯಿತು. ಭೂಸೇನೆ, ನೌಕಾಪಡೆ ಕೊಟ್ಟದ್ದನ್ನು ನೀವೇಕೆ ಕೊಡುವುದಿಲ್ಲ ಎಂದು 2024ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟು ಸರ್ಕಾರವನ್ನು ಕಟುವಾಗಿ ಕೇಳಿತು.

ಇಷ್ಟೆಲ್ಲ ಹೋರಾಟ ನಡೆದದ್ದು ಗಂಡು, ಹೆಣ್ಣು ಎಂಬ ಎರಡು ಸಾಲುಗಳ ನಡುವೆ. ಜುಮಾದಿಯ ಸಾಲಿನಲ್ಲಿ ನಿಂತವರ ಗತಿ ಏನು?

ಕರ್ನಾಟಕ ಪೊಲೀಸ್ ಕಾಯಿದೆಗೆ 2011ರಲ್ಲಿ 36-ಎ ಎಂಬ ಕಲಂ ಸೇರಿಸಿದರು. ಹಿಜ್ರಾಗಳ ಹೆಸರು ವಿಳಾಸ ಬರೆದಿಟ್ಟುಕೊಳ್ಳಲು, ಅವರ ಓಡಾಟಕ್ಕೆ ತಡೆ ಹಾಕಲು ಅದು ಪೊಲೀಸರಿಗೆ ಅಧಿಕಾರ ಕೊಟ್ಟಿತು. ಬಹುಮಟ್ಟಿಗೆ 1871ರ ಕಾಯಿದೆಯ ಮರುಹುಟ್ಟು. 2014ರ ಏಪ್ರಿಲ್ 15ರಂದು ಸುಪ್ರೀಂ ಕೋರ್ಟು ರಾಷ್ಟ್ರೀಯ ಕಾನೂನು ಸೇವಾ ಪ್ರಾಧಿಕಾರದ (ನಾಲ್ಸಾ) ಪ್ರಕರಣದಲ್ಲಿ ಮೂರನೆಯ ಲಿಂಗವನ್ನು ಗುರುತಿಸಿ, ತನ್ನ ಲಿಂಗತ್ವ ಹೇಳಿಕೊಳ್ಳುವ ಹಕ್ಕು ಆ ವ್ಯಕ್ತಿಯದೇ ಎಂದಿತು. ಲಿಂಗತ್ವ ಅಲ್ಪಸಂಖ್ಯಾತರ ಸಂಘಟನೆಗಳು ಬೀದಿಯಲ್ಲೂ ಹೈಕೋರ್ಟಿನಲ್ಲೂ ಹೋರಾಡಿ, 2016ರಲ್ಲಿ ಆ ಕಲಮಿನಿಂದ ತಮ್ಮನ್ನು ಹೆಸರಿಸಿ ಗುರಿಮಾಡುವ ಪದವನ್ನು ತೆಗೆಸಿದರು. ಬೆಂಗಳೂರಿನ ‘ಸಂಗಮ’ ಸಂಸ್ಥೆ ನ್ಯಾಯಾಲಯದಲ್ಲಿ ಕದ ತಟ್ಟುತ್ತಲೇ ಇದ್ದುದರ ಫಲವಾಗಿ, 2021ರ ಜುಲೈಯಲ್ಲಿ ರಾಜ್ಯ ಸರ್ಕಾರ ನೇಮಕಾತಿ ನಿಯಮ ತಿದ್ದಿ, ಎಲ್ಲ ಪ್ರವರ್ಗಗಳಲ್ಲೂ ಅವರಿಗೆ ಶೇಕಡಾ 1ರ ಮೀಸಲಾತಿ ಕೊಟ್ಟಿತು. ದೇಶದಲ್ಲಿ ಹಾಗೆ ಮಾಡಿದ ಮೊದಲ ರಾಜ್ಯ ನಮ್ಮದು. ಸಶಸ್ತ್ರ ಪೊಲೀಸ್ ಪೇದೆಗಳ 3,484 ಹುದ್ದೆಗಳಿಗೆ 2022ರಲ್ಲಿ ಅರ್ಜಿ ಕರೆದಾಗ 79 ಹುದ್ದೆಗಳನ್ನು ಅವರಿಗೆಂದು ಇಟ್ಟರು. ಹನ್ನೊಂದು ವರ್ಷದ ಹಿಂದೆ ಇವರನ್ನು ಪಟ್ಟಿ ಮಾಡು ಎಂದು ಹೇಳಿಸಿಕೊಂಡ ಇಲಾಖೆಯೇ ಇವರಿಗೆ ಖಾಕಿ ತೊಡಿಸಲು ಅರ್ಜಿ ನಮೂನೆ ಅಚ್ಚು ಹಾಕಿಸಿತು.

ನಮೂನೆಯಲ್ಲಿ ಜಾಗ ಸಿಕ್ಕರೆ ಮೈದಾನದಲ್ಲಿ ಸಿಕ್ಕಂತಲ್ಲ. ಓಟದ ಸಮಯ, ಎತ್ತರ, ಎದೆಯ ಸುತ್ತಳತೆ, ವೈದ್ಯರ ತಪಾಸಣೆ, ವಸತಿ, ಶೌಚಾಲಯ, ಒಂದೊಂದೂ ಎರಡೇ ಸಾಲುಗಳನ್ನು ನೆನೆದು ಬರೆದ ನಿಯಮ. ಹದಿನಾರರಲ್ಲಿ ಮನೆ ಬಿಟ್ಟು, ಶಾಲೆ ಬಿಟ್ಟು, ಅಂಕಪಟ್ಟಿಯಲ್ಲಿ ಬೇರೆ ಹೆಸರಿರುವವರಿಗೆ ಅರ್ಜಿ ತುಂಬುವುದೇ ಮೊದಲ ಪರೀಕ್ಷೆ. ಆದರೆ ಅಸಾಧ್ಯ ಎನ್ನುವಂತಿಲ್ಲ. ತಮಿಳುನಾಡಿನಲ್ಲಿ ಪ್ರೀತಿಕಾ ಯಾಶಿನಿ ಮದ್ರಾಸ್ ಹೈಕೋರ್ಟಿನವರೆಗೆ ಹೋಗಿ 2017ರಲ್ಲಿ ಸಬ್ ಇನ್‌ಸ್ಪೆಕ್ಟರ್ ಆದರು. ಛತ್ತೀಸಗಢದಲ್ಲಿ 2021ರಲ್ಲಿ 13 ಮಂದಿ ಪೇದೆಗಳಾಗಿ ಆಯ್ಕೆಯಾದರು. ಆ ರಾಜ್ಯಗಳ ಪೊಲೀಸರು ಹೆದರಿ ಓಡಿಹೋಗಲಿಲ್ಲ, ಠಾಣೆಗಳು ಮುಚ್ಚಲಿಲ್ಲ.

ಸೇನೆಯ ದಾರಿ ಇನ್ನೂ ಕಡಿದಾಗಿದೆ. 2010ರಲ್ಲಿ ನೌಕಾಪಡೆ ಸೇರಿದ ನಾವಿಕರೊಬ್ಬರು ವಿಶಾಖಪಟ್ಟಣದಲ್ಲಿ ಕೆಲಸದಲ್ಲಿದ್ದರು. ರಜೆಯಲ್ಲಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಹೆಣ್ಣಾಗಿ ಮರಳಿದರು. 2017ರ ಅಕ್ಟೋಬರಿನಲ್ಲಿ ನೌಕಾಪಡೆ ಅವರನ್ನು ಸೇವೆಯಿಂದ ಬಿಡುಗಡೆ ಮಾಡಿತು. ನೇಮಕದ ಹೊತ್ತಿನಲ್ಲಿ ಇದ್ದ ಲಿಂಗ ಈಗ ಇಲ್ಲ, ನಿಯಮದಲ್ಲಿ ಇವರಿಗೆ ಜಾಗವಿಲ್ಲ ಎಂಬುದು ಕಾರಣ. ಅವರು ದೆಹಲಿ ಹೈಕೋರ್ಟಿಗೆ ಹೋದರು. ಏಳು ವರ್ಷ ಹಡಗಿನ ಕೆಲಸ ಬಲ್ಲವರ ಕೈ, ಕಣ್ಣು, ವಿದ್ಯೆ ಶಸ್ತ್ರಚಿಕಿತ್ಸೆಯ ಮರುದಿನವೂ ಹಾಗೇ ಇದ್ದವು. ಈ ಬಿಡುಗಡೆಗೆ ನಿಯಮದ ಬೆಂಬಲ ಇದ್ದಿರಬಹುದು, ನ್ಯಾಯದ ಬೆಂಬಲ ಕಾಣುವುದಿಲ್ಲ.

ಹೊರದೇಶಗಳ ಅನುಭವ ಎರಡೂ ಬಗೆಯದು. ಕೆನಡಾದ ಸೇನೆ 2022ರಲ್ಲಿ ಗಂಡಿನ ಸಮವಸ್ತ್ರ, ಹೆಣ್ಣಿನ ಸಮವಸ್ತ್ರ ಎಂಬ ಭೇದವನ್ನೇ ತೆಗೆದು, ಯಾರು ಯಾವುದನ್ನೂ ತೊಡಬಹುದು, ಶಿಸ್ತು ಮತ್ತು ಸುರಕ್ಷತೆ ಕೆಡದಿದ್ದರೆ ಸಾಕು ಎಂದಿತು. ಅಮೆರಿಕ 2016ರಲ್ಲಿ ಲಿಂಗತ್ವ ಅಲ್ಪಸಂಖ್ಯಾತರಿಗೆ ಸೇನೆಯ ಬಾಗಿಲು ತೆರೆಯಿತು, ಮುಚ್ಚಿತು, 2021ರಲ್ಲಿ ಮತ್ತೆ ತೆರೆಯಿತು. 2025ರ ಮೇ ತಿಂಗಳಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ನಿಷೇಧ ಜಾರಿಯಾಗಲು ಅನುವು ಕೊಟ್ಟ ಮೇಲೆ ಸೇವೆಯಲ್ಲಿದ್ದವರೇ ಹೊರಹೋಗಬೇಕಾಯಿತು. ಅಧ್ಯಕ್ಷ ಬದಲಾದಾಗಲೆಲ್ಲ ಸಿಪಾಯಿಯ ಯೋಗ್ಯತೆ ಬದಲಾಗುವುದನ್ನು ಸೇನೆಯ ಮಾನದಂಡ ಎಂದು ಕರೆಯುವುದು ಕಷ್ಟ.

ನಮ್ಮ ಕಡೆಯದೇ ಒಂದು ತೀರ್ಪು ಈ ಚರ್ಚೆಗೆ ಬೇರೊಂದು ಬಾಗಿಲು ತೆರೆದಿದೆ. 1943ರ ಸೇನಾ ಶುಶ್ರೂಷಾ ಸುಗ್ರೀವಾಜ್ಞೆ ಆ ಸೇವೆಯ ಅಧಿಕಾರಿ ಹುದ್ದೆಗಳನ್ನು ಹೆಂಗಸರಿಗಷ್ಟೇ ಇಟ್ಟಿತ್ತು. ನರ್ಸಿಂಗ್ ಓದಿದ ಗಂಡಸರಿಗೆ ಅಲ್ಲಿ ಜಾಗವಿರಲಿಲ್ಲ. ಕರ್ನಾಟಕ ಹೈಕೋರ್ಟಿನ ಧಾರವಾಡ ಪೀಠ 2025ರ ಜನವರಿಯಲ್ಲಿ ಇದು ಸಂವಿಧಾನಕ್ಕೆ ವಿರುದ್ಧ ಎಂದು ಹೇಳಿತು. ದಾದಿಯರ ಊರೆಂದೇ ಹೆಸರಾದ, ಗಲ್ಲಿಗೊಂದು ನರ್ಸಿಂಗ್ ಕಾಲೇಜು ಇರುವ ಮಂಗಳೂರಿನಲ್ಲಿ ಎಷ್ಟೋ ಹುಡುಗರು ಆ ಪದವಿ ಓದುತ್ತಿದ್ದಾರೆ. ಅವರಿಗೆ ಈ ತೀರ್ಪಿನ ಬೆಲೆ ಗೊತ್ತು. ಲಿಂಗ ನೋಡಿ ಹುದ್ದೆ ಕೊಟ್ಟರೆ ಕೆಲವೊಮ್ಮೆ ಗಂಡಿಗೂ ಬಾಗಿಲು ಮುಚ್ಚುತ್ತದೆ.

ಮೂರೂ ಪಡೆಗಳ ಸಿಬ್ಬಂದಿ ಮುಖ್ಯಸ್ಥರ ಸಮಿತಿ, ಲಿಂಗತ್ವ ಅಲ್ಪಸಂಖ್ಯಾತರನ್ನು ಸೇನೆಗೆ ತೆಗೆದುಕೊಳ್ಳುವ ಬಗ್ಗೆ, ಅವರ ಹಕ್ಕುಗಳನ್ನು ಕಾಯುವ 2019ರ ಕಾಯಿದೆಯನ್ನು ಅಲ್ಲಿ ಹೇಗೆ ಜಾರಿ ಮಾಡಬೇಕೆಂಬ ಬಗ್ಗೆ ಅಧ್ಯಯನ ತಂಡವೊಂದನ್ನು ರಚಿಸಿದೆ ಎಂದು 2023ರಲ್ಲಿ ಪತ್ರಿಕೆಗಳು ವರದಿ ಮಾಡಿದವು. ಅದನ್ನು ನಡೆಸುವವರು ಸೇನೆಯ ವೈದ್ಯಾಧಿಕಾರಿಗಳು. ಅವರು ಮೊದಲು ಬರೆಯಬೇಕಾದದ್ದು ಹುದ್ದೆಯ ಕೆಲಸವನ್ನು. ಎಷ್ಟು ಭಾರ ಹೊರಬೇಕು, ಎಷ್ಟು ದೂರ ನಡೆಯಬೇಕು, ಯಾವ ಯಂತ್ರ ನಡೆಸಬೇಕು ಎಂದು ಬರೆದು, ಅದಕ್ಕೆ ತಕ್ಕ ಪರೀಕ್ಷೆ ಇಟ್ಟು, ಗೆದ್ದವರನ್ನು ಸೇರಿಸಿಕೊಳ್ಳಲಿ. ಸೋತವರನ್ನು ಬಿಡಲಿ, ಅದರಲ್ಲಿ ಯಾರ ತಕರಾರೂ ಇಲ್ಲ. ಆ ಅಧ್ಯಯನ ಕಡತದಲ್ಲಿ ಧೂಳು ತಿನ್ನದೆ ಸಂಸತ್ತಿನ ಮುಂದೆ ಬರಬೇಕು. ರಾಜ್ಯ ಸರ್ಕಾರವೂ ಮೀಸಲಿಟ್ಟ 79 ಹುದ್ದೆಗಳಲ್ಲಿ ಎಷ್ಟು ತುಂಬಿದವು, ತುಂಬದಿದ್ದರೆ ಯಾಕೆ ಎಂಬ ಲೆಕ್ಕವನ್ನು ಜನರ ಮುಂದಿಡಬೇಕು. ಬಲ್ಮಠದ ಬಣ್ಣ ತೊಟ್ಟು ಮಂಗಳೂರಿನ ಬೀದಿಯಲ್ಲಿ ಕರ್ತವ್ಯಕ್ಕೆ ನಿಲ್ಲುವ ಮಂಗಳಮುಖಿಯನ್ನು ಕಾಣಲು ಈ ಊರು ಇನ್ನೆಷ್ಟು ವರ್ಷ ಕಾಯಬೇಕು ಎಂಬುದು ಆ ಲೆಕ್ಕದ ಮೇಲೆ ನಿಂತಿದೆ.